ನಗುವವನ ಹತ್ತಿರ ಹೋಗು

ದೊಡ್ಡ ಮಗ ಬೀಸಿದ ಏಟಿಗೆ ಚಿಕ್ಕವನು ಶವದ ವ್ಯಾನಿನ ಬಾಗಿಲಿಗೆ ತಲೆ ಬಡಿದುಕೊಂಡು ದೊಪ್ಪೆಂದು ರಸ್ತೆಗೆ ಬಿದ್ದ. ಒಳಗೆ ಅಮ್ಮನ ಹೆಣ. ಅದರ ಮುಂದೆಯೇ ಈ ರಂಪ!

"ಅಮ್ಮನ ತಲೆ ಸೀಳಿಸ್ತೀಯೇನೋ, ಪಾಪಿ!" ದೊಡ್ಡವನು ಒದೆಯಲು ಕಾಲೆತ್ತಿದ. ನಾಲ್ಕು ಜನ ತಬ್ಬಿ ಹಿಡಿದರು.

ತಲೆಗೆ ಬಿದ್ದ ಪೆಟ್ಟುಗಳನ್ನೇ ಜೀವಮಾನವಿಡೀ ಅಧ್ಯಯನ ಮಾಡಿದ ಈ ಅಮ್ಮ, ಆಸ್ಪತ್ರೆಯವರ ಡಾಕ್ಟರಮ್ಮ, ತಮ್ಮ ಮಿದುಳು ತಮ್ಮ ಲ್ಯಾಬಿಗೇ ಸೇರಬೇಕೆಂದು ಹೇಳಿ ಸತ್ತಿದ್ದರು. ಅದನ್ನು ಕೇಳಲು ಬಂದ ಅವರ ಶಿಷ್ಯೆಗೆ ದೊಡ್ಡವನು "ಹೆಣಕ್ಕೆ ಕಾದ ಹದ್ದು" ಅಂದ. ಚಿಕ್ಕವನು ಅವಳ ಪರ ನಿಂತ. ಅಷ್ಟಕ್ಕೇ ಕೈ ಬಿತ್ತು.

ಅರೆಗಳಿಗೆ ಕಣ್ಣು ಮುಚ್ಚಿ ಬಿದ್ದಿದ್ದ ಚಿಕ್ಕವನು ಎದ್ದು, ಧೂಳು ಕೊಡವಿಕೊಂಡು ಶಿಷ್ಯೆಯತ್ತ ನೋಡಿ ನಕ್ಕ. "ಏನೂ ಆಗಿಲ್ಲ ಡಾಕ್ಟ್ರಕ್ಕ. ಇವನ ಏಟಿಗೆ ಸೊಳ್ಳೆನೂ ಸಾಯಲ್ಲ."

ನೆಂಟರು ದೊಡ್ಡವನಿಗೆ ನೀರು ಕುಡಿಸಿ ಬುದ್ಧಿ ಹೇಳುವಷ್ಟರಲ್ಲಿ ಬಹಳ ಹೊತ್ತಾಯಿತು. ಶಿಷ್ಯೆ ಮಾತ್ರ ಚಿಕ್ಕವನ ಪಕ್ಕ ಬಿಟ್ಟು ಕದಲಲಿಲ್ಲ.

* * *

ಶಿಷ್ಯೆ ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ, ಬೀದಿಯಲ್ಲಿ ಹೊಡೆದಾಡಿಕೊಂಡವರನ್ನು ಆಸ್ಪತ್ರೆಗೆ ತಂದು ಸುರಿದಿದ್ದರು. ನೆಲವೆಲ್ಲ ರಕ್ತ. ಕಿವಿ ಹರಿದವನೊಬ್ಬ ಸೂರು ಹಾರುವಂತೆ ಅರಚುತ್ತಿದ್ದ. ಅತ್ತ ಓಡಿದವಳನ್ನು ಡಾಕ್ಟರಮ್ಮ ಜಡೆ ಹಿಡಿದೇ ಎಳೆದರು.

"ಅರಚೋನಿಗೆ ಉಸಿರಿದೆ ಕಣೇ, ಪೆದ್ದಿ! ಮೂಲೇಲಿ ನಗ್ತಾ ಕೂತಿದ್ದಾನಲ್ಲ, ಅವನ ಹತ್ರ ಹೋಗು. ಅವನಿಗೆ ರಕ್ತ ತಲೆಯೊಳಗೇ ಸೋರ್ತಿರುತ್ತೆ."

ತಲೆಗೆ ಪೆಟ್ಟು ಬಿದ್ದರೂ ಮಾತಾಡುವವನನ್ನು ಆ ಆಸ್ಪತ್ರೆಯಲ್ಲಿ ಆಗ ಮನೆಗೆ ಕಳಿಸಿಬಿಡುತ್ತಿದ್ದರು. ಈಯಮ್ಮ ಅಂಥವರನ್ನೇ ಕೂರಿಸಿಕೊಂಡು ಕಣ್ಣಿಗೆ ಟಾರ್ಚಿನ ಬೆಳಕು ಬಿಟ್ಟು ನೋಡಿದರು, ವರ್ಷಗಟ್ಟಲೆ. ದೊಡ್ಡ ದೊಡ್ಡ ಡಾಕ್ಟರುಗಳು 'ಟಾರ್ಚಮ್ಮ' ಎಂದು ಆಡಿಕೊಂಡರು. ತಮ್ಮ ಮಕ್ಕಳು ಬೈಕಿನಿಂದ ಬಿದ್ದಾಗ ಅವರೇ ಬಂದು ಟಾರ್ಚಮ್ಮನ ಬಾಗಿಲು ಬಡಿದರು.

* * *

"ಡಾಕ್ಟ್ರಕ್ಕ, ಅಮ್ಮ ಎಲ್ಲಿ? ಕಾಣಿಸ್ತಾನೇ ಇಲ್ಲ," ಅಂದ ಚಿಕ್ಕವನು, ಅಮ್ಮ ಮಲಗಿದ್ದ ವ್ಯಾನಿಗೇ ಒರಗಿಕೊಂಡು.

ಶಿಷ್ಯೆ ತಟ್ಟನೆ ಅವನ ಗಲ್ಲ ಹಿಡಿದೆತ್ತಿದಳು. ಕಣ್ಣಿಗೆ ಮೊಬೈಲಿನ ಬೆಳಕು ಬಿಟ್ಟಳು. ಒಂದು ಕಣ್ಣಿನ ಪಾಪೆ ಕುಗ್ಗಿತು, ಇನ್ನೊಂದು ಅಗಲವಾಗಿ ತೆರೆದೇ ಇತ್ತು. ಅವನು ವಾಂತಿ ಮಾಡಿಕೊಂಡು ಅವಳ ಮೇಲೆಯೇ ಕುಸಿದ.

"ಆಂಬುಲೆನ್ಸ್ ಬರೋಷ್ಟರಲ್ಲಿ ಇವನಿರಲ್ಲ! ಅಮ್ಮನ್ನ ವ್ಯಾನಿಂದ ಇಳಿಸಿ!" ಶಿಷ್ಯೆ ಕೂಗಿದಳು.

"ಅಯ್ಯಯ್ಯೋ, ಹತ್ತಿಸಿದ ಹೆಣಾನ ಯಾರಾದ್ರೂ ಇಳಿಸ್ತಾರೇನೇ?" ಸೋದರತ್ತೆ ಅಡ್ಡ ಬಂದಳು.

"ಜೀವ ಇದ್ದಿದ್ರೆ ಅವರೇ ಹಾರಿ ಇಳಿದಿರೋರು, ನಿಮ್ಮ ಕಪಾಳಕ್ಕೆ ಎರಡು ಬಿಟ್ಟು!"

ದೊಡ್ಡವನು ಹಿಡಿದವರಿಂದ ಕೊಸರಿಕೊಂಡು ಬಂದ. ಅಮ್ಮನನ್ನು ಬಾಚಿ ಎತ್ತಿ, ಎದುರಿನ ಅಂಗಡಿಯ ಬೆಂಚಿನ ಮೇಲೆ ಮಲಗಿಸಿದ. ಅಮ್ಮನ ಜಾಗಕ್ಕೆ ತಮ್ಮನನ್ನು ಹೊತ್ತು ತಂದ.

"ತಲೆ ಅಲ್ಲಾಡಬಾರದು, ಹಿಡ್ಕೋ," ಅಂದಳು ಶಿಷ್ಯೆ.

ಹೊಡೆದ ಕೈಗಳೇ ಹಿಡಿದವು. "ಸಾಯ್ಬೇಡ ಕಣೋ, ನಿನ್ನ ದಮ್ಮಯ್ಯ..."

ಬಾಗಿಲು ಮುಚ್ಚಲೂ ಪುರುಸೊತ್ತಿಲ್ಲದೆ ವ್ಯಾನು ಆಸ್ಪತ್ರೆಯತ್ತ ನುಗ್ಗಿತು. ಶಿಷ್ಯೆ ತಿರುಗಿ ನೋಡಿದಳು. ಮುಖದ ಬಟ್ಟೆ ಜಾರಿ, ಬಿಸಿಲಿಗೆ ಮುಖವೊಡ್ಡಿ, ಬೆಂಚಿನ ಮೇಲೆ ಟಾರ್ಚಮ್ಮ ಒಬ್ಬರೇ ಮಲಗಿದ್ದರು. ಅವರನ್ನು ಕಳಿಸಿಕೊಡಲು ಬಂದ ಜನವೆಲ್ಲ ಅವರಿಗೆ ಬೆನ್ನು ಹಾಕಿ, ವ್ಯಾನಿನ ಹಿಂದೆ ಓಡಿ ಬರುತ್ತಿದ್ದರು.