ಬೋರಿನ ಮಾತು ಆಮೇಲೆ

೧೯೯೩ರ ಸೆಪ್ಟೆಂಬರಿನ ಒಂದು ಭಾನುವಾರ. ಕಾಗದನಗರದಿಂದ ಬಸ್ಸು ಹಿಡಿದು ಬಂದ ರೇಣುಕಾಪ್ರಸಾದ್ ಹೊಳೆಹೊನ್ನೂರಿನ ಅಣ್ಣನ ಮನೆ ಜಗಲಿ ಹತ್ತುವಾಗ, ಅಣ್ಣ ಶಿವಮೂರ್ತಪ್ಪ ಪೇಪರು ಹಿಡಿದು ಮುರುಗೇಶಪ್ಪನಿಗೆ ಪಾಠ ಹೇಳುತ್ತಿದ್ದ. ಅಪ್ಪನ ಜಮೀನು ಅಣ್ಣತಮ್ಮಂದಿರಿಗೆ ಪಾಲಾಗುವುದಕ್ಕೆ ಸಾಕ್ಷಿಯಾಗಿ ಬಂದಿದ್ದ ಹಿರಿಯ ಈ ಮುರುಗೇಶಪ್ಪ. ಪೇಪರಿನಲ್ಲಿ ಇಸ್ರೇಲಿನವರೂ ಪ್ಯಾಲೆಸ್ತೀನಿನವರೂ ಅಮೆರಿಕದಲ್ಲಿ ಕೈ ಕುಲುಕಿದ ಫೋಟೊ.

"ಜೆರುಸಲೇಮು ಯಾರದ್ದು, ಓಡಿಹೋದೋರು ವಾಪಸ್ ಬರಬೇಕೋ ಬೇಡವೋ, ಎಲ್ಲಾ ಆಮೇಲಂತೆ. ಐದು ವರ್ಷ ಟೈಮು. ಜಗಳ ಇರೋದೇ ಅದಕ್ಕಲ್ವಾ ಮಾರಾಯ?" ಅಂದ ಶಿವಮೂರ್ತಪ್ಪ. "ಕೈ ಜೋರಿರೋನೇ ಪಾಲು ಮಾಡ್ತಾನೆ, ಅವನೇ ಆರಿಸ್ಕೊಳ್ತಾನೆ. ನಮ್ಮ ಕಡೆ ಹಂಗೆ ಮಾಡಿದ್ರೆ ಮುಖಕ್ಕೆ ಉಗೀತಾರೆ."

ಅವರ ಕಡೆಯ ಪದ್ಧತಿಯೇ ಬೇರೆ: ದೊಡ್ಡವನು ಹಂಚಬೇಕು, ಚಿಕ್ಕವನು ಮೊದಲು ಆರಿಸಬೇಕು. ಅಣ್ಣನ ಬಾಯಲ್ಲೇ ಆ ಮಾತು ಬಂದದ್ದು ಕೇಳಿ ಪ್ರಸಾದನಿಗೆ ಸಮಾಧಾನವಾಯಿತು. ನಾಲೆ ನೀರು ಹತ್ತದ ಆ ಏರು ಜಮೀನಿನಲ್ಲಿ ಅಪ್ಪ ಕೊರೆಸಿದ್ದ ಬೋರೇ ಜೀವ. ಅದರ ನೀರಿಲ್ಲದ ಪಾಲಿನಲ್ಲಿ ಮಳೆ ನಂಬಿ ರಾಗಿ ಚೆಲ್ಲಬಹುದು, ಅಷ್ಟೆ.

ಮೂವರೂ ಜಮೀನಿಗೆ ಹೋದರು. ಬಾಂದುಕಲ್ಲು ಆಗಲೇ ನೆಟ್ಟಾಗಿತ್ತು. ಬೋರು ಮೂಡಣ ಪಾಲಿಗೆ ಬಿದ್ದಿತ್ತು. ಅದರ ಸುತ್ತ ಶಿವಮೂರ್ತಪ್ಪ ಅಡಿಕೆ ಸಸಿಯನ್ನೂ ಹಾಕಿಸಿಬಿಟ್ಟಿದ್ದ.

"ನಂಗೆ ಮೂಡಣದ್ದು ಇರಲಿ," ಅಂದ ಪ್ರಸಾದ್.

"ಸಸಿ ನೆಟ್ಟಿದೀನಲ್ಲೋ, ಕಾಣಲ್ವಾ? ಪಡುವಣದ್ದು ನಿಂದು."

"ಆರಿಸೋನು ನಾನಲ್ವಾ ಅಣ್ಣ?"

ಮುರುಗೇಶಪ್ಪ ಎಲೆಅಡಿಕೆ ಅಗಿಯುತ್ತ ಆಕಾಶ ನೋಡಿದ.

"ಬೋರಿಂದು ಆಮೇಲೆ ಮಾತಾಡೋಣ," ಅಂದ ಶಿವಮೂರ್ತಪ್ಪ. "ಸಸಿ ಒಂದು ಮಟ್ಟಕ್ಕೆ ಬರಲಿ, ನಾಲ್ಕೈದು ವರ್ಷ. ಅಣ್ಣತಮ್ಮಂದ್ರಲ್ಲಿ ನೀರಿನ ಲೆಕ್ಕ ಏನು ಬಂತು? ಈಗ ಹಿರಿಯರ ಎದುರು ಒಪ್ಪಿಕೊಂಡುಬಿಡು." ಬಲಗೈ ಮುಂದೆ ಚಾಚಿದ.

ಪ್ರಸಾದ್ ಆ ಕೈಯನ್ನೂ ಬುಡದಲ್ಲಿ ಒದ್ದೆಯಾಗಿದ್ದ ಸಸಿಗಳನ್ನೂ ನೋಡಿದ. "ಫೋಟೊ ತೆಗೆಯೋರು ಬರ್ಲಿಲ್ವಾ?" ಅಂದ. ಉತ್ತರಕ್ಕೆ ಕಾಯದೆ ಬದುವಿನ ಮೇಲೆ ನಡೆದ.

ಮನೆಯ ಮುಂದೆ ಅತ್ತಿಗೆ ಬಸವರಾಜೇಶ್ವರಿ ತಡೆದಳು. "ಪಾಲು ಮುಗೀತು ಅಂತ ಹೋಳಿಗೆ ಮಾಡಿದೀನಿ. ತಿಂದು ಹೋಗಪ್ಪಾ."

"ಇಟ್ಟಿರಿ ಅತ್ತಿಗೆ," ಅಂದ ಪ್ರಸಾದ್, ಚಪ್ಪಲಿಯ ಮಣ್ಣು ಕೊಡವುತ್ತ. "ಐದು ವರ್ಷ ಬಿಟ್ಟು ಬರ್ತೀನಿ."