ಕೂದಲಲ್ಲಿ ಬೆಂದ ಮೊಟ್ಟೆ

ಅತ್ತೆಯನ್ನು ಹೊಗಳುವುದೆಂದರೆ ನನಗೆ ಒಳಗೊಳಗೇ ಹೊಟ್ಟೆಯುರಿ. ಆದರೆ ಈ ವಿಷಯದಲ್ಲಿ ಸುಳ್ಳು ಹೇಳಿದರೆ ಬಾಯಲ್ಲಿ ಹುಳ ಬಿದ್ದೀತು.

ನಮ್ಮದು ಬೇಕರಿ. ಮುಂದೆ ಅಂಗಡಿ, ಹಿಂದೆ ಮನೆ. ಅತ್ತೆ ಹಿಟ್ಟು ಕಲಸುತ್ತಾರೆ, ನನ್ನ ಯಜಮಾನರು ಒಲೆ ನೋಡಿಕೊಳ್ಳುತ್ತಾರೆ, ಕೌಂಟರಿನಲ್ಲಿ ನಾದಿನಿ. ಜನ ಬರುತ್ತಿದ್ದದ್ದು ಅರ್ಧ ಬ್ರೆಡ್ಡಿಗೆ, ಅರ್ಧ ಅವಳ ಮಾತಿಗೆ. ದೊಡ್ಡ ಜ್ವರ ಬಂದು ಹೋದ ಮೇಲೆ ಅವಳ ಕೂದಲು ಕೈ ಹಾಕಿದರೆ ಕೈಗೆ ಬರತೊಡಗಿತು. ನೆತ್ತಿ ಕಾಣಿಸಿದ ದಿನ ತಲೆಗೆ ಬಟ್ಟೆ ಸುತ್ತಿಕೊಂಡು ಹಿಂದಿನ ಕೋಣೆ ಸೇರಿದವಳು ಅಂಗಡಿಯ ಕಡೆ ತಲೆ ಹಾಕಲಿಲ್ಲ. ಕೌಂಟರು ನನ್ನ ಪಾಲಿಗೆ ಬಂತು. ನನ್ನ ಮೋರೆ ನೋಡಿ ಎಷ್ಟು ಜನ ವಾಪಸ್ಸು ಹೋದರೋ, ಆ ಮಾತು ಬೇಡ.

ಅತ್ತೆ ಮೆಂತ್ಯ ನೆನೆಹಾಕಿ ನುಣ್ಣಗೆ ರುಬ್ಬುತ್ತಿದ್ದರು. ಅದಕ್ಕೆ ಮೊಸರು, ಒಂದು ಮೊಟ್ಟೆ, ಬೆರಳಲ್ಲಿ ತೆಗೆದಷ್ಟು ಜೇನು. ಮೊದಲು ಮಗಳ ಮೊಣಕೈ ಒಳಗೆ ಸವರಿ, ತುರಿಕೆ ಇಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ತಲೆಗೆ. ಇದರಿಂದ ಕೂದಲು ಬರುತ್ತದೆಯೇ ಎಂದು ನಾನು ಚುಚ್ಚಿ ಕೇಳಿದ್ದೆ. ಬರುವ ಕೂದಲು ತಾನಾಗಿಯೇ ಬರುತ್ತದೆ, ಡಾಕ್ಟರೂ ಅದನ್ನೇ ಹೇಳಿದ್ದಾರೆ, ಅಲ್ಲಿಯವರೆಗೆ ನೆತ್ತಿ ಒಣಗಬಾರದು ಅಷ್ಟೇ ಎಂದರು. ಸ್ವಂತ ಮಗಳಿಗೂ ಆಸೆ ತೋರಿಸದ ಆ ನೇರ ಮಾತು ನನಗೆ ಹಿಡಿಸಿತು. ನಾದಿನಿಯ ತಲೆಯ ಆ ಬಟ್ಟೆ ಬಿಚ್ಚುವ ಹಕ್ಕಿದ್ದದ್ದೂ ಅವರ ಕೈಗೆ ಮಾತ್ರ.

ಆವತ್ತು ಲೇಪ ಹಚ್ಚಿ, ಉಗುರುಬೆಚ್ಚಗಿನ ನೀರು ಬೆರೆಸಿಡು ಎಂದು ಮಗನಿಗೆ ಹೇಳಿ, ಅತ್ತೆ ಅವರ ಜಾಗದಲ್ಲಿ ಒಲೆಯ ಮುಂದೆ ನಿಂತರು. ನಮ್ಮ ಯಜಮಾನರದು ಕಾದ ತಟ್ಟೆಯನ್ನು ಬರಿಗೈಯಲ್ಲಿ ಎಳೆಯುವ ಕೈ. ಬಕೆಟ್ಟಿಗೆ ಆ ಕೈ ಅದ್ದಿ ಉಗುರುಬೆಚ್ಚಗಿದೆ ಎಂದು ತೀರ್ಮಾನಿಸಿದರು. ಮೊದಲ ಚೊಂಬು ತಲೆಗೆ ಸುರಿದುಕೊಂಡೊಡನೆ ನಾದಿನಿ ಕಿರುಚಿದಳು. ಮೊಟ್ಟೆ ಕೂದಲಲ್ಲೇ ಬೆಂದು ಹೆಪ್ಪುಗಟ್ಟಿತ್ತು.

ತಟ್ಟೆ ಒಲೆಯಲ್ಲಿರುವಾಗ ಅತ್ತೆ ಅಲ್ಲಿಂದ ಕದಲಿದ್ದನ್ನು ನಾನು ಕಂಡಿರಲಿಲ್ಲ. ಆವತ್ತು ಓಡಿದರು. ತಣ್ಣೀರು ಸುರಿದು ನೋಡಿದರು. ನೆತ್ತಿ ಕೆಂಪಾಗಿತ್ತು, ಲೇಪ ದಪ್ಪಗಿದ್ದದ್ದಕ್ಕೆ ಬೊಬ್ಬೆ ಎದ್ದಿರಲಿಲ್ಲ. ಬಾಚಣಿಗೆ ಹಾಕಿದರೆ ಉಳಿದ ಕೂದಲೂ ಮೊಟ್ಟೆಯ ಜೊತೆಗೇ ಬರುತ್ತಿತ್ತು. ಬೆರಳಲ್ಲೇ ಬಿಡಿಸಬೇಕು, ಅದಕ್ಕೆ ಬೆಳಕು ಬೇಕು. ಮನೆಯಲ್ಲಿ ಅಷ್ಟು ಬೆಳಕಿರುವುದು ಮುಂದಿನ ಅಂಗಡಿಯಲ್ಲಿ ಮಾತ್ರ. ಬರುವುದಿಲ್ಲ ಎಂದು ನಾದಿನಿ ಗೋಡೆ ಹಿಡಿದು ನಿಂತಳು.

"ಹೋಗೋ ಕೂದಲು ಹೋಗಿದೆ. ಇರೋದನ್ನ ಉಳಿಸ್ಕೋಬೇಕಾ, ಬೇಡ್ವಾ?" ಎಂದರು ಅತ್ತೆ.

ಕೌಂಟರಿನ ಹಿಂದೆ ಸ್ಟೂಲು ಹಾಕಿ ಕೂರಿಸಿದರು. ಎಳೆ ಎಳೆಯಾಗಿ, ಎಣ್ಣೆ ಸವರಿ, ಬುಡ ಒತ್ತಿ ಹಿಡಿದು, ಬೆಂದ ಚೂರನ್ನು ತುದಿಗೆ ಜಾರಿಸುತ್ತಾ ಹೋದರು. ಒಂದು ಎಳೆಯೂ ಕಿತ್ತು ಬರಲಿಲ್ಲ. ಎಣ್ಣೆ ಬಟ್ಟಲು, ನೀರಿನ ಚೊಂಬು ಹಿಡಿದು ನಿಂತಿದ್ದ ನಾನು ಕಣ್ಣು ಮಿಟುಕಿಸಲಿಲ್ಲ. ಯಜಮಾನರು ಬಕೆಟ್ಟು ಬಿಟ್ಟು ಒಲೆಗೆ ಹೋಗುವಷ್ಟರಲ್ಲಿ ಹಿಂದೆ ಬನ್ನುಗಳು ಸೀದು ಹೊಗೆ ಬಂತು. ಅತ್ತೆ ತಿರುಗಿ ನೋಡಲಿಲ್ಲ.

ಅಷ್ಟರಲ್ಲಿ ಎದುರಂಗಡಿಯ ಗಡಿಯಾರ ರಿಪೇರಿಯವರು ಬ್ರೆಡ್ಡು ಕೇಳಿಕೊಂಡು ಬಂದರು. ನನ್ನ ಎರಡು ಕೈಯೂ ಖಾಲಿಯಿರಲಿಲ್ಲ, ಅತ್ತೆಯದೂ ಅಷ್ಟೇ. ನಾದಿನಿ ಕುಗ್ಗಿಹೋದಳು. ಆಮೇಲೆ ತಲೆ ಅಲುಗಿಸದೆ ಕೈ ಚಾಚಿ ಬ್ರೆಡ್ಡು ತೆಗೆದು ಕೊಟ್ಟಳು. ಅವರ ಕಣ್ಣು ಅವಳ ನೆತ್ತಿಯ ಮೇಲಿತ್ತು.

"ಮೊಟ್ಟೆ," ಎಂದಳು ಅವಳು. "ನಮ್ಮಣ್ಣ ಬೇಯಿಸಿದ್ದು. ಉಪ್ಪು ಹಾಕೋದೊಂದು ಮರೆತ."

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು, ಅವಳೂ ನಕ್ಕಳು. ಹಿಂದೆಯೇ ಇನ್ನೊಬ್ಬರು ಬಂದರು, ಮತ್ತೊಬ್ಬರು. ಎಲ್ಲರಿಗೂ ಅವಳೇ ಕೊಟ್ಟಳು, ಎಲ್ಲರಿಗೂ ಅಣ್ಣನ ಅಡುಗೆಯ ಕಥೆ ಹೇಳಿದಳು. ಆ ದನಿ ಕೇಳುತ್ತಾ ನಾನು ಎಣ್ಣೆ ಬಟ್ಟಲನ್ನು ಅತ್ತೆಯ ಕೈಗೆ ಇನ್ನಷ್ಟು ಹತ್ತಿರ ಹಿಡಿದೆ.

ಮುಗೀತಾ ಅಮ್ಮಾ, ಒಳಗೆ ಹೋಗಲಾ ಎಂದು ಅವಳು ಕೇಳಿದಾಗ ನಾನು ಬಗ್ಗಿ ನೋಡಿದೆ. ಕೂದಲು ಸ್ವಚ್ಛವಾಗಿತ್ತು, ಒಂದು ಚೂರೂ ಉಳಿದಿರಲಿಲ್ಲ. ಅತ್ತೆ ಕಣ್ಣನ್ನು ತೋಳಿಗೆ ಒರೆಸಿಕೊಂಡು, ಖಾಲಿ ಎಳೆಯೊಂದನ್ನು ಬೆರಳಲ್ಲಿ ಹಿಡಿದರು.

"ಇನ್ನೂ ತುಂಬಾ ಇದೆ. ನೆಟ್ಟಗೆ ಕೂತ್ಕೋ."