ಗವಿ ಬೆಟ್ಟದ ಕೊನೆಯ ಸುತ್ತು

“ತಾತ, ಕಣ್ಣು ಬಿಟ್ಟಿದ್ದೀಯಾ?”

ಬಿಟ್ಟಿರಲಿಲ್ಲ. ಮೊಮ್ಮಗಳು ಪವಿತ್ರ ಆ ಕಪ್ಪು ಪೆಟ್ಟಿಗೆಯಂಥ ಕನ್ನಡಕವನ್ನು ಮುಖಕ್ಕೆ ಕೂರಿಸಿ ತಲೆಯ ಹಿಂದೆ ಪಟ್ಟಿ ಬಿಗಿಯುತ್ತಿದ್ದಾಗಲೇ ವೆಂಕಟರಾಮಪ್ಪನವರು ಮಂಗಳಾರತಿಗೆ ನಿಂತವರಂತೆ ಕಣ್ಣು ಮುಚ್ಚಿಬಿಟ್ಟಿದ್ದರು. ಮುಚ್ಚಿದ್ದು ಅವರಿಗೇ ತಿಳಿದಿರಲಿಲ್ಲ. ಏನೂ ಕಾಣುತ್ತಿಲ್ಲವೆಂದು ಎರಡು ಸಲ ದೂರಿಯೂ ಆಗಿತ್ತು.

“ಇನ್ನೂ ನೆಲ ಬಿಟ್ಟಿಲ್ಲ, ಆಗ್ಲೇ ತಪಸ್ಸಿಗೆ ಕೂತ್ಬಿಟ್ಟ ನಿಮ್ಮ ತಾತ,” ಎಂದರು ಓಬಳಮ್ಮ. ಆಕೆ ವೆಂಕಟರಾಮಪ್ಪನವರ ಅಕ್ಕ. ಬೆಟ್ಟದ ಮುಂದಿನ ಕಲ್ಲುಮಂಟಪದ ಮೆಟ್ಟಿಲ ಮೇಲೆ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು.

ಕಣ್ಣು ಬಿಟ್ಟರೆ ಎದುರಿಗೆ ಒಂದು ಹುಲ್ಲಿನ ಎಸಳು, ಮರದಷ್ಟು ದೊಡ್ಡದು. ಅದರಾಚೆ ಮಂಟಪದ ಕಂಬದ ಬುಡ. ತಾವು ಕುರ್ಚಿಯಿಂದ ಮುಗ್ಗರಿಸಿ ನೆಲಕ್ಕೆ ಕೆನ್ನೆ ಕೊಟ್ಟು ಬಿದ್ದಿದ್ದೇವೆ ಎನ್ನಿಸಿ ಅವರು ಪ್ಲಾಸ್ಟಿಕ್ ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದುಕೊಂಡರು. ಕುರ್ಚಿ ಇತ್ತು. ಅಂಗಾಲಿಗೆ ಚಪ್ಪಡಿಯ ತಂಪೂ ತಾಗುತ್ತಿತ್ತು. ಪ್ರದಕ್ಷಿಣೆಗೆ ಚಪ್ಪಲಿ ಹಾಕುವುದುಂಟೆ ಎಂದು ಕುರ್ಚಿಯ ಮುಂದೆ ಬಿಟ್ಟು ಕುಳಿತಿದ್ದರು.

“ಅದು ಡ್ರೋನಿನ ಕಣ್ಣು ತಾತ. ಡ್ರೋನು ನೆಲದ ಮೇಲಿದೆ, ನೀನು ಕುರ್ಚಿ ಮೇಲಿದ್ದೀಯ. ಅಷ್ಟೇ.”

“ಅಷ್ಟೇ ಅಂದ್ರೆ ಹೆಂಗಮ್ಮ? ನೋಡೋನು ಅಲ್ಲಿ, ಕೂತೋನು ಇಲ್ಲಿ?”

“ಹೂಂ, ಹಂಗೇ.”

ಪವಿತ್ರ, ವೆಂಕಟರಾಮಪ್ಪನವರ ಮಗಳು ಕಲ್ಯಾಣಿಯ ಮಗಳು. ಚಿಂತಾಮಣಿಯಲ್ಲಿ ಮದುವೆಗಳ ವಿಡಿಯೊ ತೆಗೆಯುವ ಕೆಲಸ ಅವಳದು. ಈ ಕನ್ನಡಕದ ಡ್ರೋನು ಈಚೆಗೆ ಬಂದದ್ದು. ಅದರಲ್ಲಿ ತೆಗೆದ ಒಂದು ಮದುವೆಯನ್ನು ಅವಳು ಫೋನಿನಲ್ಲಿ ತೋರಿಸಿದ್ದಳು. ಚಪ್ಪರದ ಕೆಳಗೆ ನುಗ್ಗಿ, ವಾಲಗದವರ ತಲೆಯ ಮೇಲೆ ಹಾದು, ಅದು ಛತ್ರವನ್ನು ಒಂದು ಸುತ್ತು ಹಾಕಿ ಬಂದಿತ್ತು. ಸುತ್ತು ಎಂಬ ಆ ಒಂದು ಮಾತು ವೆಂಕಟರಾಮಪ್ಪನವರ ತಲೆಯಲ್ಲಿ ಕೂತುಬಿಟ್ಟಿತು.

ಹರಕೆ ಹೊತ್ತವರು ಅವರ ಹೆಂಡತಿ ಶ್ಯಾಮಲಮ್ಮ. ಗಂಡನ ಎದೆಗೆ ಸ್ಟೆಂಟ್ ಹಾಕುತ್ತಿದ್ದಾಗ ಆಸ್ಪತ್ರೆಯ ಹೊರಗೆ ಕುಳಿತು, ಈ ಜೀವ ಉಳಿದರೆ ಗವಿ ನರಸಿಂಹಸ್ವಾಮಿಯ ಬೆಟ್ಟವನ್ನು ಹನ್ನೊಂದು ಸಲ ಬರಿಗಾಲಲ್ಲಿ ಸುತ್ತುತ್ತೇನೆಂದು ಅರಿಶಿನದ ಬಟ್ಟೆಯಲ್ಲಿ ಮುಡಿಪು ಕಟ್ಟಿದ್ದರು. ಬಿಡುವಾದ ಶನಿವಾರಗಳಲ್ಲಿ ಒಂದೊಂದೇ ಸುತ್ತು ತೀರುತ್ತ ಬಂತು. ಅವರು ಬೆಟ್ಟದ ಎಡಕ್ಕೆ ಹೊರಟು ಮರೆಯಾದರೆ, ವೆಂಕಟರಾಮಪ್ಪನವರು ಇದೇ ಮಂಟಪದಲ್ಲಿ ಬಲಗಡೆಯ ತಿರುವನ್ನೇ ನೋಡುತ್ತ ಕೂರುತ್ತಿದ್ದರು. ಹೊತ್ತು ನೆತ್ತಿಗೇರುವ ಮುಂಚೆ ಆ ತಿರುವಿನಲ್ಲಿ ಹಸಿರು ಸೀರೆಯೊಂದು ಕಾಣಿಸುತ್ತಿತ್ತು. ಕೊನೆಯದೊಂದು ಸುತ್ತು ಉಳಿದಿರುವಾಗ ಜ್ವರ ಬಂದು ಶ್ಯಾಮಲಮ್ಮ ಹೋಗಿಬಿಟ್ಟರು. ಮುಡಿಪು ದೇವರ ಗೂಡಿನಲ್ಲೇ ಉಳಿಯಿತು.

ಬರುವ ಸೋಮವಾರ ವರ್ಷದ ತಿಥಿ. ಹರಕೆ ತೀರಿಸದೆ ಹೋದವರು ದಾರಿಯಲ್ಲೇ ಕಾಯುತ್ತ ನಿಲ್ಲುತ್ತಾರೆ ಎಂದು ವೆಂಕಟರಾಮಪ್ಪನವರು ಚಿಕ್ಕಂದಿನಿಂದ ಕೇಳಿಕೊಂಡು ಬಂದವರು. ತಿಥಿಯ ಒಳಗೆ ಆ ಸುತ್ತು ಮುಗಿಯಬೇಕು. ಅವರ ಮಂಡಿಗಳಾದರೋ ಮನೆಯಿಂದ ಮಂಟಪದವರೆಗೆ ಬಂದರೆ ಹೆಚ್ಚು. ಬೆಟ್ಟದ ಹಿಂದೆ ಗಾಡಿ ಹೋಗುವ ದಾರಿಯೂ ಇಲ್ಲ, ಬಂಡೆಗಳ ನಡುವೆ ಕಾಲುಹಾದಿ. ನಾನು ಸುತ್ತಿ ಬರುತ್ತೇನೆಂದು ಪವಿತ್ರ ಹೇಳಿದ್ದಳು. “ನನ್ನ ಜೀವಕ್ಕೆ ಹೊತ್ತಿದ್ದು ಕಣಮ್ಮ. ನೀನು ಸುತ್ತಿದ್ರೆ ನಾನು ಯಾತಕ್ಕೆ ಉಳ್ದೆ?” ಎಂದಿದ್ದರು. ಡ್ರೋನಿನ ವಿಷಯ ಕೇಳಿದ ಗವಿಯ ಪೂಜಾರಿ ತಲೆ ಕೆರೆದುಕೊಂಡು, ಮನಸ್ಸು ಸುತ್ತಿದರೆ ಆಯಿತು ಯಜಮಾನರೇ ಎಂದಿದ್ದ.

“ಮನಸ್ಸೇ ಸುತ್ತೋದಾದ್ರೆ ಈ ಮಿಷಿನ್ ಯಾಕಂತೆ?” ಎಂದು ಓಬಳಮ್ಮ ಆಗಲೂ ಕೇಳಿದ್ದರು, ಈಗಲೂ ಕೇಳಿದರು.

“ದೊಡ್ಡಜ್ಜಿ, ಸುಮ್ನಿರು. ತಾತ, ಎತ್ತಲಾ?”

“ನರಸಿಂಹಾ,” ಎಂದರು ವೆಂಕಟರಾಮಪ್ಪನವರು.

ಹೆಜ್ಜೇನು ಎದ್ದಂಥ ಸದ್ದು. ಹುಲ್ಲಿನ ಎಸಳು ಮಲಗಿತು, ಕಂಬ ಜಾರಿ ಕೆಳಗೆ ಹೋಯಿತು, ಮಂಟಪದ ಚಾವಣಿಯ ಮೇಲೆ ಎಂದೂ ನೋಡದಿದ್ದ ಪಾಪಾಸುಕಳ್ಳಿಯೊಂದು ಕಂಡಿತು. ಅವರ ಹೊಟ್ಟೆ ಮಾತ್ರ ಕುರ್ಚಿಯಲ್ಲೇ ಉಳಿಯಿತು. ಎರಡು ಕಾಲನ್ನೂ ಎತ್ತಿ ಕುರ್ಚಿಯ ಮೇಲೆ ಇಟ್ಟುಕೊಳ್ಳಲು ನೋಡಿದರು. ಪವಿತ್ರ ಒಂದು ಕೈಯಲ್ಲಿ ಅವರ ಮಂಡಿ ಅದುಮಿ ಹಿಡಿದು, ಇನ್ನೊಂದು ಕೈಯಲ್ಲಿ ಡ್ರೋನನ್ನು ತಮ್ಮ ಕಡೆಗೇ ತಿರುಗಿಸಿದಳು.

ಕೆಳಗೆ ಮೂರು ಜನ. ಜೀನ್ಸು ತೊಟ್ಟ ಹುಡುಗಿ ಒಬ್ಬಳು, ತಲೆಯ ಮೇಲೆ ಸೆರಗು ಹೊದ್ದ ಹೆಂಗಸು ಒಬ್ಬಳು. ನಡುವೆ ಬಿಳಿ ಪಂಚೆಯವನೊಬ್ಬ, ಹೆಗಲು ಜೋತು ಕುಳಿತಿದ್ದ.

“ಆ ಮುದುಕ ಯಾರಮ್ಮ, ಮೊಕಕ್ಕೆ ಡಬ್ಬ ಕಟ್ಕೊಂಡಿರೋನು?”

ಓಬಳಮ್ಮ ನಗುವಿಗೆ ಎಲೆ ಅಡಿಕೆ ಉಗುಳಿಬಿಟ್ಟರು. “ನೀನೇ ಕಣೋ! ಈ ಊರಲ್ಲಿ ಇನ್ಯಾರು ಕಟ್ಕೋತಾರೆ?”

ವೆಂಕಟರಾಮಪ್ಪನವರು ನಂಬದೆ ಎಡಗೈ ಎತ್ತಿದರು. ಕೆಳಗಿದ್ದವನೂ ಎತ್ತಿದ. “ಇಷ್ಟು ಸಣ್ಣಗಾಗಿದ್ದೀನಾ ನಾನು?” ಎಂದರು.

ನಡೆಸುವ ಸಾಧನ ಟಾರ್ಚಿನ ಹಿಡಿಯಂತಿತ್ತು. ಪವಿತ್ರ ಅದನ್ನು ಅವರ ಬಲಗೈಗೆ ಕೊಟ್ಟು, ಮೇಲೆ ತನ್ನ ಕೈ ಮುಚ್ಚಿ, ಹಿಂದಿನ ದಿನ ಹೇಳಿಕೊಟ್ಟಿದ್ದನ್ನೇ ಮತ್ತೆ ಹೇಳಿದಳು. ಬೆರಳು ಅದುಮಿದರೆ ಮುಂದಕ್ಕೆ. ಕೈ ವಾಲಿದ ಕಡೆಗೆ ತಿರುಗುತ್ತದೆ. ಕೈ ಬಗ್ಗಿದರೆ ಇಳಿಯುತ್ತದೆ, ಎತ್ತಿದರೆ ಏರುತ್ತದೆ. “ಬೆಟ್ಟದ ಹಿಂದೆ ಹೋದಾಗ ಮಾತ್ರ ಕೆಳಕ್ಕೆ ಇಳಿಸ್ಬೇಡ ತಾತ. ಬೆಟ್ಟ ಅಡ್ಡ ಬಂದ್ರೆ ಸಿಗ್ನಲ್ ಹೋಗುತ್ತೆ. ಆಮೇಲೆ ನಿನ್ ಮಾತು ಕೇಳಲ್ಲ, ಬಂದ ದಾರೀಲೇ ತಾನೇ ವಾಪಸ್ ಬಂದ್ಬಿಡುತ್ತೆ.”

“ಸ್ವಾಮಿ ತಲೆಗಿಂತ ಮೇಲಕ್ಕೆ ಹೋಗ್ಬಾರ್ದು ನೋಡು,” ಎಂದರು ವೆಂಕಟರಾಮಪ್ಪನವರು.

“ಗವಿಯ ಎತ್ತರಕ್ಕೇ ಹೋಗಣ. ನೆನ್ನೆ ನಾನು ಸುತ್ತಿ ನೋಡಿದ್ದೀನಿ, ಅಷ್ಟಿದ್ರೆ ಸಾಕು.”

ಅವಳು ಕೈ ತೆಗೆದಳು. ವೆಂಕಟರಾಮಪ್ಪನವರು ಬೆಟ್ಟವನ್ನು ಬಲಕ್ಕೆ ಇಟ್ಟುಕೊಂಡು ಹೊರಟರು.

ಗವಿಯ ಬಾಗಿಲು ಬಲಗಡೆ ಸರಿಯುತ್ತಿತ್ತು. ನೋಡಲೆಂದು ಕತ್ತು ತಿರುಗಿಸಿದರು. ಕತ್ತು ತಿರುಗಿತು, ನೋಟ ತಿರುಗಲಿಲ್ಲ. ಎದುರಿನ ಬಯಲೇ ಕಣ್ಣ ಮುಂದೆ ಅಂಟಿಕೊಂಡು ಬಂತು. ಇನ್ನಷ್ಟು ತಿರುಗಿಸಿದರು.

“ಕತ್ತಲ್ಲ ತಾತ, ಕೈ!”

ಕೈ ವಾಲಿಸಿದಾಗ ಗವಿ ಬಂದು ಎದುರಿಗೆ ನಿಂತಿತು. ಕಬ್ಬಿಣದ ಬಾಗಿಲು, ಒಳಗೆ ಕತ್ತಲೆ, ಕತ್ತಲೆಯಲ್ಲಿ ದೀಪದ ಒಂದು ಚುಕ್ಕೆ. ಮೆಟ್ಟಿಲು ಹತ್ತಲಾಗದೆ ಅವರು ಆ ದೀಪ ನೋಡಿ ಬಹಳ ಕಾಲವಾಗಿತ್ತು. ಬಲಗೈ ಬಿಡುವಂತಿಲ್ಲ, ಎಡಗೈಯೊಂದನ್ನೇ ಹಣೆಗೆ ಒತ್ತಿಕೊಂಡರು.

“ಎಡಗೈಲಿ ಯಾಕೋ ಮುಗೀತೀಯ?” ಎಂಬ ಅಕ್ಕನ ದನಿ ಎಲ್ಲಿಂದಲೋ ಬಂತು. ಪಕ್ಕದಿಂದ ಬಂತೋ, ಕೆಳಗಿನಿಂದಲೋ ಅವರಿಗೆ ಗೊತ್ತಾಗಲಿಲ್ಲ. ದರ್ಶನ ಮುಗಿಸಿ ಗವಿಯಿಂದ ಹೊರಡುವಾಗ ತಾವು ಸರಕ್ಕನೆ ತಿರುಗಿ ನಡೆಯುತ್ತಿದ್ದುದು, ಹಿಂದಿನಿಂದ ಶ್ಯಾಮಲಮ್ಮ ಅಂಗಿಯ ತುದಿ ಹಿಡಿದು ಎಳೆಯುತ್ತಿದ್ದುದು ನೆನಪಾಯಿತು. ದೇವರಿಗೆ ಬೆನ್ನು ಹಾಕಬಾರದು, ಹಿಂದಕ್ಕೆ ಹೆಜ್ಜೆ ಇಟ್ಟುಕೊಂಡು ಬನ್ನಿ ಎಂದು ಪ್ರತಿ ಸಲವೂ ಹೇಳಬೇಕಾಗುತ್ತಿತ್ತು. ಈಗ ಹೇಗೆ ಹೊರಡುವುದು? ಕೈ ವಾಲಿಸಿದರೆ ಬೆನ್ನೇ ಆಗುತ್ತದೆ. ತಪ್ಪಾಯಿತೆಂದು ಮನಸ್ಸಿನಲ್ಲೇ ಹೇಳಿಕೊಂಡು ವಾಲಿಸಿದರು.

ಎಡತಿರುವು ದಾಟಿತು. ಬೆಟ್ಟದ ಹಿಂಬದಿಯನ್ನು ಅವರು ಬಲ್ಲವರೇ, ಆದರೆ ಮೇಲಿನಿಂದ ಯಾವುದೂ ಗುರುತು ಸಿಗಲಿಲ್ಲ. ದ್ರಾಕ್ಷಿಯ ಬಲೆ, ಟೊಮೆಟೊ ಸಾಲಿನ ಮಿರುಗುವ ಪ್ಲಾಸ್ಟಿಕ್ ಹಾಳೆ, ರೇಷ್ಮೆಹುಳುವಿನ ಮನೆಯ ತಗಡು, ಎಲ್ಲವೂ ಯಾರದೋ ಊರಿನವೆಂಬಂತೆ ಚಪ್ಪಟೆಯಾಗಿ ಬಿದ್ದಿದ್ದವು. ಆಮೇಲೆ ಒಂದು ಚೌಕದ ಬಾವಿ. ಅದರ ಪಕ್ಕ ಜೋಡಿ ತೆಂಗು. ಅದು ತಮ್ಮ ಹೊಲ. ಅವರು ಅಲ್ಲಿಗೆ ಹೋಗಿ ತಿಂಗಳುಗಳೇ ಆಗಿದ್ದವು, ಹಿಪ್ಪುನೇರಳೆಯನ್ನು ಅಳಿಯ ನೋಡಿಕೊಳ್ಳುತ್ತಿದ್ದ.

“ಪವೀ, ನಮ್ ಹೊಲ್ದಲ್ಲಿ ಬೆಳ್ಳಗಿರೋದು ಏನಮ್ಮ ಅದು? ಯಾರಾದ್ರೂ ಪಂಚೆ ಒಣಗಾಕವ್ರಾ?”

ಪವಿತ್ರ ತನ್ನ ಫೋನಿನ ಪರದೆಯಲ್ಲಿ ಅದನ್ನೇ ನೋಡುತ್ತಿದ್ದಳು. “ಅಜ್ಜಿ ಸಮಾಧಿ ತಾತ. ತಿಥಿ ಬಂತಲ್ಲ, ಅಪ್ಪ ಕಟ್ಟೆಗೆ ಸುಣ್ಣ ಹೊಡೆಸಿದ್ರು.”

ಗಂಡುಮಕ್ಕಳಿಲ್ಲದ್ದರಿಂದ ಮಣ್ಣು ಮಾಡಿದ ದಿನ ಮಡಕೆ ಹೊತ್ತವರು ವೆಂಕಟರಾಮಪ್ಪನವರೇ. ಹೆಗಲ ಮೇಲಿನ ಮಡಕೆಗೆ ಯಾರೋ ತೂತು ಹೊಡೆಯುತ್ತಿದ್ದರು, ನೀರು ಬೆನ್ನಿಗೆ ಇಳಿಯುತ್ತಿತ್ತು, ಅವರು ಗುಂಡಿಯನ್ನು ಎಡಕ್ಕೆ ಇಟ್ಟುಕೊಂಡು ಸುತ್ತಿದ್ದರು. ಮಡಕೆ ಬಿದ್ದು ಒಡೆದ ಕೂಡಲೇ ಹಿರಿಯರೊಬ್ಬರು ಭುಜ ಹಿಡಿದು ಊರ ಕಡೆಗೆ ತಳ್ಳಿದರು. ತಿರುಗಿ ನೋಡ್ಬಾರ್ದು, ನಡಿ, ನಡಿ. ಅವರು ತಿರುಗಿ ನೋಡದೆ ನಡೆದು ಬಂದಿದ್ದರು.

“ಎತ್ತು ತಾತ! ಕೈ ಮೇಲಕ್ಕೆ!”

ಯಾರನ್ನು ಕೂಗುತ್ತಿದ್ದಾಳೆ ಎಂದು ಅವರಿಗೆ ಹೊಳೆಯಲಿಲ್ಲ. ಮಣಿಕಟ್ಟು ತಾನಾಗಿ ಬಗ್ಗಿತ್ತು. ಬಾವಿ ದೊಡ್ಡದಾಯಿತು, ತೆಂಗಿನ ಗರಿಗಳು ಪಕ್ಕಕ್ಕೆ ಸರಿದವು. ಕಟ್ಟೆಯ ಮೇಲೆ ಒಣಗಿದ ಒಂದು ಮೊಳ ಕನಕಾಂಬರ. ತಲೆಯ ಕಡೆ ಕಲ್ಯಾಣಿ ನೆಟ್ಟಿದ್ದ ಕಣಗಿಲೆ ಗಿಡ, ಒಂದು ಹೂ ಬಿಟ್ಟಿತ್ತು. ಡ್ರೋನಿನ ಗಾಳಿಗೆ ಗಿಡ ಜೋರಾಗಿ ಅಲುಗಿತು.

“ಇವ್ಳೇ,” ಎಂದರು ವೆಂಕಟರಾಮಪ್ಪನವರು. ನಲವತ್ತು ವರ್ಷ ಅವರು ಹೆಂಡತಿಯನ್ನು ಕರೆದದ್ದು ಹಾಗೆಯೇ.

ಕಟ್ಟೆ ಚೂರುಚೂರಾಯಿತು. ಹೂವಿನ ಬಣ್ಣ ಗಿಡದಿಂದ ಕಿತ್ತು ಆಕಾಶದಲ್ಲಿ ಹೋಗಿ ನಿಂತಿತು. ಆಮೇಲೆ ಎಲ್ಲವೂ ಬೂದಿಯ ಬಣ್ಣ.

“ಸಿಗ್ನಲ್ ಹೋಯ್ತು,” ಎಂದಳು ಪವಿತ್ರ. “ಹೇಳಿದ್ನಲ್ಲ ತಾತ, ಇಳಿಸ್ಬೇಡ ಅಂತ. ಕೈ ಬಿಡು, ಅದೇ ಬರುತ್ತೆ.”

“ನಾನೆಲ್ಲಿದ್ದೀನಮ್ಮ?”

“ಇಲ್ಲೇ, ಮಂಟಪದ ಹತ್ರ.”

“ಅಲ್ಲಮ್ಮ, ನೋಡ್ತಿದ್ದೋನು?”

ಪವಿತ್ರ ಅವರ ಕೈ ಹಿಡಿದುಕೊಂಡಳು. ಕೈ ತಣ್ಣಗಿತ್ತು. ಕನ್ನಡಕ ಬಿಚ್ಚಲು ಹೋದಾಗ ಅವರು ಬೇಡವೆಂದು ತಲೆಯಾಡಿಸಿದರು. ಆ ಬೂದಿಯೊಳಗೆ ಅಲುಗದೆ ಕುಳಿತರು.

ಓಬಳಮ್ಮ ಮಂಟಪದಿಂದ ಎದ್ದು ಬಂದು, ಹಣೆಗೆ ಕೈ ಅಡ್ಡ ಹಿಡಿದು ಬಲಗಡೆಯ ತಿರುವನ್ನು ನೋಡುತ್ತ ನಿಂತರು. ಮಿಷಿನ್ನನ್ನು ಇಷ್ಟು ಹೊತ್ತೂ ಹಂಗಿಸಿದವರು ಅದು ಅಲ್ಲಿಂದಲೇ ಬರಲಿ ಎಂದು ಬಾಯಲ್ಲಿ ಏನೋ ಮಣಮಣಿಸುತ್ತಿದ್ದರು.

ಚಿತ್ರ ಮತ್ತೆ ಬಂದಾಗ ವೆಂಕಟರಾಮಪ್ಪನವರಿಗೆ ಮೊದಲು ಏನೂ ಅರ್ಥವಾಗಲಿಲ್ಲ. ಬಿಳಿಯ ಕಟ್ಟೆ ಎದುರಿಗೇ ಇತ್ತು, ಆದರೆ ತಮ್ಮಿಂದ ದೂರ ಹೋಗುತ್ತಿತ್ತು. ಯಾರು ಅದನ್ನು ಎಳೆದುಕೊಂಡು ಹೋಗುತ್ತಿದ್ದಾರೆ? ತೆಂಗಿನ ಮರಗಳು ಹಿಂದಿನಿಂದ ಬಂದು ಮುಂದೆ ನಿಂತವು. ಬಾವಿ ಬಂತು, ತಗಡಿನ ಮನೆ ಬಂತು. ಆಗ ತಿಳಿಯಿತು. ಎಳೆಯುತ್ತಿದ್ದುದು ಕಟ್ಟೆಯನ್ನಲ್ಲ, ತಮ್ಮನ್ನು. ಡ್ರೋನು ಮುಖ ತಿರುಗಿಸದೆ ಹಿಂದಕ್ಕೆ ಹಿಂದಕ್ಕೆ ಬರುತ್ತಿತ್ತು. ಕಟ್ಟೆ ಪಂಚೆಯಷ್ಟಾಯಿತು, ಕರವಸ್ತ್ರದಷ್ಟಾಯಿತು, ಕೊನೆಗೆ ಹಸಿರಿನ ನಡುವೆ ಒಂದು ಅಕ್ಕಿಕಾಳು. ಬೆಟ್ಟದ ಬಂಡೆ ಅಡ್ಡ ಬರುವವರೆಗೂ ಅವರು ರೆಪ್ಪೆ ಬಡಿಯಲಿಲ್ಲ.

“ಅಯ್ಯೋ ದೇವುಡಾ!” ಓಬಳಮ್ಮ ಎದೆಗೆ ಕೈ ಇಟ್ಟುಕೊಂಡರು. “ಎಡಗಡೆಯಿಂದ್ಲೇ ಬಂತಲ್ಲೇ ಹುಡುಗಿ! ಇದೇನು ಪ್ರದಕ್ಷಿಣೆಯೇ? ಎಡಸುತ್ತಾಗೋಯ್ತಲ್ಲೋ ವೆಂಕಟರಾಮ, ಸಾವಿನ ಸುತ್ತು!”

ಡ್ರೋನು ಮಂಟಪದ ಮುಂದೆ ಇಳಿದು ಸುಮ್ಮನಾಯಿತು. ಪವಿತ್ರ ಕನ್ನಡಕ ಬಿಚ್ಚಿದಳು. ಮೂಗಿನ ಎರಡು ಪಕ್ಕ ಕೆಂಪಗೆ ಅಚ್ಚು ಬಿದ್ದಿತ್ತು, ಕೆನ್ನೆ ಒದ್ದೆಯಾಗಿತ್ತು. ಅವಳು ತನ್ನ ದುಪಟ್ಟಾದಿಂದ ಕನ್ನಡಕದ ಒಳಗಡೆಯನ್ನು ಒರೆಸಿದಳು.

“ಇನ್ನೊಂದು ಬ್ಯಾಟ್ರಿ ಚಾರ್ಜ್ ಆಗಿದೆ ತಾತ. ಮೊದ್ಲಿಂದ ಶುರು ಮಾಡಣ. ಈ ಸಲ ನಾನೂ ಕೈ ಹಿಡ್ಕೊಂಡಿರ್ತೀನಿ.”

ವೆಂಕಟರಾಮಪ್ಪನವರು ಬೆಳಕಿಗೆ ಕಣ್ಣು ಪಿಳುಕಿಸುತ್ತ, ತಮ್ಮ ಎರಡು ಕೈಗಳನ್ನು, ಪಾದಗಳನ್ನು, ಅಕ್ಕನ ಮುಖವನ್ನು ಒಂದೊಂದಾಗಿ ನೋಡಿದರು.

“ಬೇಡಮ್ಮ,” ಎಂದರು.

“ಬೇಡ ಅಂದ್ರೆ?” ಓಬಳಮ್ಮ ಹತ್ತಿರ ಬಂದರು. “ಹರಕೆ ಉಳ್ಕೊಳ್ತಲ್ಲೋ. ಅವಳು ದಾರೀಲಿ ಕಾಯ್ತಾ ನಿಂತಿರ್ತಾಳೆ ಅಂತ ವರ್ಷದಿಂದ ಅನ್ನ ಬಿಟ್ಟು ಕೂತೋನು ನೀನೇ ತಾನೆ?”

“ಹೂಂ ಅಕ್ಕ.”

“ಮತ್ತೆ?”

ತಾವು ಹೇಳಲಿರುವುದು ಸರಿಯೋ ತಪ್ಪೋ ಅವರಿಗೇ ತಿಳಿದಂತಿರಲಿಲ್ಲ.

“ನಾನು ಹೋಗೋವರ್ಗೂ ಕಾಯ್ತಾಳೆ ಬಿಡು,” ಎಂದರು.

ಓಬಳಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡರು. ವೆಂಕಟರಾಮಪ್ಪನವರು ಕುರ್ಚಿಯ ಕೈಗಳನ್ನು ಊರಿ ಎದ್ದು, ಬೆಟ್ಟಕ್ಕೆ ಎರಡು ಕೈಯನ್ನೂ ಜೋಡಿಸಿದರು. ಆಮೇಲೆ ಪವಿತ್ರಳ ಭುಜ ಹಿಡಿದು ಒಂದು ಹೆಜ್ಜೆ ಹಿಂದಕ್ಕೆ ಇಟ್ಟರು. ಇನ್ನೊಂದು ಇಟ್ಟರು.

“ಬಿದ್ದೀಯ ಕಣೋ, ತಿರುಗಿ ನಡಿ,” ಎಂದರು ಅಕ್ಕ.

ಅವರು ತಿರುಗಲಿಲ್ಲ. ಪವಿತ್ರ ಮಾತ್ರ ಆಗಾಗ ಹಿಂದೆ ನೋಡಿ, ಕಲ್ಲಿದೆ ತಾತ, ಇಲ್ಲಿ ಸ್ವಲ್ಪ ಇಳಿಜಾರು ತಾತ ಎನ್ನುತ್ತಿದ್ದಳು. ಹಾಗೆಯೇ ಅವರು ಮನೆಯ ಕಡೆಗೆ ಸರಿದರು. ಮಂಟಪದ ಮುಂದೆ ಖಾಲಿ ಕುರ್ಚಿ ಉಳಿಯಿತು, ಅದರ ಮುಂದೆ ಬೆಟ್ಟದ ಕಡೆಗೆ ಮುಖ ಮಾಡಿಕೊಂಡು ಅವರ ಚಪ್ಪಲಿ.